ಲೌಂಜಿನ ಹೊರಗೆ ಕೂತವಳು

ಅಣ್ಣನಿಗೆ,

ಅಮ್ಮನನ್ನು ನಮ್ಮ ಮನೆ ಬಾಗಿಲಲ್ಲಿ ಇಳಿಸಿ ನೀನು ಹೋಟೆಲಿಗೆ ಓಡಿದೆ. ಅವಳ ಕಾಲು ಊದಿ ಚಪ್ಪಲಿಯೇ ಬಿಚ್ಚಲಾಗಲಿಲ್ಲ. ಕೇಳಿದಾಗ ಎಲ್ಲ ಹೇಳಿದಳು.

ಮೊದಲ ವಿಮಾನದಲ್ಲಿ ಇಬ್ಬರಿಗೂ ಬಿಸಿನೆಸ್ ಕ್ಲಾಸ್, ಎರಡನೆಯದರಲ್ಲಿ ಅವಳಿಗೆ ಮಾತ್ರ ಎಕಾನಮಿ. ವಿಮಾನ ಬದಲಿಸುವ ನಿಲ್ದಾಣದಲ್ಲಿ, ಮುಂದಿನ ಟಿಕೆಟ್ಟೇ ಲೆಕ್ಕ ಎಂದು ಬಿಸಿನೆಸ್ ಕ್ಲಾಸಿನವರು ವಿಶ್ರಮಿಸುವ ಲೌಂಜಿನ ಹುಡುಗಿ ಅವಳನ್ನು ತಡೆದಳಂತೆ. ಅದು ಅವರ ನಿಯಮ, ನಿನ್ನನ್ನು ದೂರುವುದಿಲ್ಲ. ಆದರೆ ಅದೇ ಹುಡುಗಿ, "ಸರ್, ನಿಮ್ಮ ಜೊತೆ ಒಬ್ಬರನ್ನ ಕರ್ಕೊಂಡು ಹೋಗ್ಬಹುದು" ಎಂದಾಗ ನೀನು ಕರೆದುಕೊಂಡು ಹೋದದ್ದು ಅಲ್ಲೇ ಸಿಕ್ಕಿದ ನಿನ್ನ ಮ್ಯಾನೇಜರರ ಭಾವಮೈದನನ್ನು!

ನಿಮ್ಮಿಬ್ಬರ ಬ್ಯಾಗು ಕಾಯುತ್ತಾ ಅಮ್ಮ ಆರು ಗಂಟೆ ಕಬ್ಬಿಣದ ಕುರ್ಚಿಯಲ್ಲಿ ಕೂತಳು. ಬ್ಯಾಗು ಬಿಟ್ಟು ಹೋಗುವುದು ಹೇಗೆಂದು ಬಾತ್‌ರೂಮಿಗೂ ಏಳಲಿಲ್ಲ. ಕೊನೆಗೆ ನೀನು ಟಿಶ್ಯೂವಿನಲ್ಲಿ ಸುತ್ತಿ ತಂದ ಎರಡು ಬಿಸ್ಕತ್ತನ್ನು ನನಗೆ ತೋರಿಸಿ, "ಒಳಗಿದ್ರೂ ನನ್ನ ಮರೀಲಿಲ್ಲ ನೋಡೇ ಅವನು" ಎಂದಳು.

ಅವಳ ವಾಪಸು ಟಿಕೆಟ್ಟನ್ನು ರದ್ದು ಮಾಡು. ನಾನೇ ಕರೆದುಕೊಂಡು ಹೋಗಿ ಬಿಡುತ್ತೇನೆ. ರಕ್ತದೊತ್ತಡದ ಮಾತ್ರೆ ನಿನ್ನ ಪೆಟ್ಟಿಗೆಯಲ್ಲೇ ಉಳಿದಿದೆ, ಇವತ್ತೇ ಕಳಿಸು.

ಭಾನುವಾರ ಊಟಕ್ಕೆ ಬಾ, ಅಮ್ಮ ಆಸೆಪಟ್ಟಿದ್ದಾಳೆ. ಅವಳ ಎದುರು ನಾನು ನಗುನಗುತ್ತಲೇ ಬಡಿಸುತ್ತೇನೆ. ಅವಳು ಎದ್ದು ಒಳಗೆ ಹೋದಾಗ ಮಾತ್ರ ನನ್ನನ್ನು ಮಾತಾಡಿಸಬೇಡ.

ನಿನ್ನ ತಂಗಿ