ಕಡಲ ಕಡೆಯ ಕಟಾಂಜನ

ಟರ್ನ್ ಟಿಕಲ್, ನ್ಯೂಫೌಂಡ್‌ಲ್ಯಾಂಡ್
ಮಂಗಳವಾರ, ಜೂನ್ ೯, ೨೦೦೯

ಪ್ರೀತಿಯ ಲಿಯೋನಾ ಮಗಳೇ,

ಹೇಗಿದ್ದೀಯ? ಆಲ್ಬರ್ಟಾದ ಒಣಗಾಳಿಗೆ ನಿನ್ನ ಕೈ ಬಿರಿಯುವುದು ನಿಂತಿತೇ? ಕೆಲಸಗಾರರ ಕ್ಯಾಂಪಿನವರಿಗೆಲ್ಲ ಅಡುಗೆ ಮಾಡಿ ಬಡಿಸುವ ನೀನು ಮಾತ್ರ ನಿಂತುಕೊಂಡೇ ಟೀ ಕುಡಿದು ದಿನ ಕಳೆಯುತ್ತೀಯಂತೆ, ಅಲ್ಲಿಂದ ರಜೆಗೆ ಊರಿಗೆ ಬಂದಿರುವ ಕ್ಲೂನಿ ಹೇಳಿದ. ಹಾಗೆ ಮಾಡಬೇಡಮ್ಮ. ನನ್ನ ಮಂಡಿನೋವು ಇದ್ದ ಹಾಗೇ ಇದೆ. ಬ್ರೆಡ್ಡನ್ನು ಈಗ ನಾನೇ ಸುಡುತ್ತೇನೆ. ನೀನು ಮಾಡಿದ ಹಾಗೆ ಉಬ್ಬುವುದಿಲ್ಲ, ಹೊಟ್ಟೆಗೆ ಆಗುತ್ತದೆ. ಕ್ಲೂನಿ ನಾಳೆ ಬೆಳಿಗ್ಗೆಯ ವಿಮಾನಕ್ಕೆ ಅಲ್ಲಿಗೆ ವಾಪಸು ಹೊರಟಿದ್ದಾನೆ. ಈ ಕಾಗದವನ್ನು ಅವನ ಕೈಯಲ್ಲೇ ಕೊಡುತ್ತೇನೆ. ಫೋನಿನಲ್ಲಿ ನನಗೆ ಮಾತು ಹೊರಡುವುದಿಲ್ಲ, ನಿನಗೆ ಗೊತ್ತು.

ದೋಣಿಯಿಂದ ಮೀನು ಇಳಿಸಲು ನೀರಿನ ಮೇಲೆ ಕಟ್ಟಿದ್ದ ನಮ್ಮ ಮೀನಟ್ಟವನ್ನು ಕಳಚಿದೆ. ನಿನಗೆ ಬೇಜಾರಾಗಬಹುದು, ಅದಕ್ಕೇ ಮೊದಲೇ ಹೇಳುತ್ತಿದ್ದೇನೆ. ನನ್ನ ಮಗ ಗಾರ್ಲಂಡ್ ದೋಣಿಯೊಡನೆ ಹೋದ ಮೇಲೆ ಅಲ್ಲಿ ಯಾರೂ ಒಂದು ಮೀನನ್ನೂ ಇಳಿಸಿರಲಿಲ್ಲ. ಈ ಚಳಿಗಾಲ ತೇಲಿಬಂದ ಮಂಜುಗಡ್ಡೆ ನೀರಿನೊಳಗಿನ ಎರಡು ಕಂಬಗಳನ್ನು ಮುರಿದುಹಾಕಿತು. ಅದೇ ಸಮಯಕ್ಕೆ ಊರಿನವರು ಗ್ಯಾನೆಟ್ ಕೋಡುಗಲ್ಲಿನ ಮೇಲೆ ಒಂದು ನೋಟದ ಅಟ್ಟ ಬೇಕೆಂದು ಸಭೆ ಸೇರಿದ್ದರು. ಹಿಮಗುಡ್ಡ, ತಿಮಿಂಗಿಲ ನೋಡಲು ಬರುವವರು ಬಂಡೆಯ ತುದಿಗೇ ಹೋಗಿ ನಿಲ್ಲುತ್ತಾರೆ. ಒಂದು ಸಲ ಕಾಲು ಜಾರಿದರೆ ಮುಗಿಯಿತು. ಹೊಸ ಮರ ಯಾಕೆ, ಕುಸಿಯುತ್ತಿರುವ ಮೀನಟ್ಟಗಳ ಮರವೇ ಸಾಕಲ್ಲ ಎಂದು ನಾನು ಒಂದು ಮಾತು ಆಡಿದೆ. ಕಟ್ಟುವ ಕೆಲಸವನ್ನು ನನ್ನ ತಲೆಗೇ ಕಟ್ಟಿದರು.

ನಕ್ಷೆ ಬರೆಯಲಿಲ್ಲ. ನಮ್ಮಪ್ಪ ಮಾಡುತ್ತಿದ್ದ ಹಾಗೆ ಬಂಡೆಯ ಮೇಲೆ ಹಗ್ಗ ಹಿಡಿದು ಮೂಲೆಗಳನ್ನು ಗುರುತು ಮಾಡಿದೆ. ಕಂಬಗಳ ಬುಡಕ್ಕೆ ಮರದ ಪೆಟ್ಟಿಗೆ ಕಟ್ಟಿ ಕಲ್ಲು ತುಂಬಿದೆವು. ಉಪ್ಪು ಕುಡಿದ ಸ್ಪ್ರೂಸ್ ಮರ ಇನ್ನೂ ಗಟ್ಟಿಯಾಗಿದೆ, ಅದರೊಳಗಿನ ಹಳೆಯ ಮೊಳೆಗಳು ಮಾತ್ರ ತುಕ್ಕಿನ ಪುಡಿ. ಒಂದೊಂದನ್ನೂ ಕಿತ್ತು ಹೊಸದು ಹೊಡೆದೆ. ನೆಲದ ಹಲಗೆಗಳಿಂದ ಬಿಸಿಲೇರಿದಾಗ ಈಗಲೂ ಮೀನೆಣ್ಣೆಯ ವಾಸನೆ ಬರುತ್ತದೆ. ಮುಚ್ಚಿದ ಶಾಲೆಯ ಬಾಗಿಲುಗಳನ್ನು ಗಾಳಿಗೆ ಅಡ್ಡವಾಗಿ ನಿಲ್ಲಿಸಿದೆ. ಒಂದರ ಮೇಲೆ ಗಾರ್ಲಂಡ್ ಚಾಕುವಿನಲ್ಲಿ ಕೆತ್ತಿದ ದೋಣಿಯಿದೆ, ಮೇಷ್ಟ್ರ ಹತ್ತಿರ ಅದಕ್ಕೆ ಏಟೂ ತಿಂದಿದ್ದ. ಆ ಮುಖವನ್ನು ಒಳಗೆ ಮಾಡಿದ್ದೇನೆ.

ಕಳೆದ ಶುಕ್ರವಾರ ಅಟ್ಟದ ತಪಾಸಣೆ ಮಾಡಲು ಸರ್ಕಾರದ ಕಡೆಯಿಂದ ಮಿಸ್ ಹಿಸ್ಕಾಕ್ ಎಂಬ ಹುಡುಗಿ ಬಂದಳು. ಒಳ್ಳೆಯವಳು. ಕಂಬ ಅಲ್ಲಾಡಿಸಿ ನೋಡಿದಳು, ಹಲಗೆಯ ಮೇಲೆ ಕುಣಿದು ನೋಡಿದಳು, ಚೆನ್ನಾಗಿದೆ ಎಂದಳು. ಆಮೇಲೆ ಸಮುದ್ರದ ಕಡೆ ತಿರುಗಿ ಹಾಗೇ ನಿಂತುಬಿಟ್ಟಳು. "ಏಸಾ ಮಾವ, ಈ ಕಡೆ ಕಟಾಂಜನ ಎಲ್ಲಿ?" ನಾವೆಲ್ಲ ಮುಖ ಮುಖ ನೋಡಿಕೊಂಡೆವು. ಮೂರು ಕಡೆ ಎದೆಯೆತ್ತರ ಕಟಾಂಜನ ಹಾಕಿದ್ದೇವೆ, ನಾಲ್ಕನೆಯ ಕಡೆ ಏನೂ ಇಲ್ಲ, ಮತ್ತು ಅದು ಇಷ್ಟು ದಿನ ಊರಿನಲ್ಲಿ ಒಬ್ಬರ ಕಣ್ಣಿಗೂ ಬಿದ್ದಿಲ್ಲ! ಮೀನಟ್ಟ ಕಟ್ಟಿ ರೂಢಿಯಾದ ಕೈಗಳು ನಮ್ಮವು, ದೋಣಿ ಬಂದು ನಿಲ್ಲುವ ಕಡೆಯನ್ನು ಯಾರು ತಾನೇ ಮುಚ್ಚುತ್ತಾರೆ? ಪಕ್ಕದ ಮನೆಯ ಟ್ರೈಫೀನಾ ಸೊಂಟದ ಮೇಲೆ ಕೈಯಿಟ್ಟು, "ಅಯ್ಯೋ ನನ್ ಬಂಗಾರ, ಅಲ್ಲಿ ಬೇಲಿ ಹಾಕ್ಬಿಟ್ರೆ ಮೀನ್ ಹೆಂಗಮ್ಮ ಮೇಲಕ್ಕೆ ಎಳ್ಕೊಳ್ಳೋದು?" ಎಂದು ನಗುತ್ತಾ ಹಿಂದಕ್ಕೆ ಒಂದು ಹೆಜ್ಜೆ ಇಟ್ಟಳು. ಹಿಮ್ಮಡಿಯ ಕೆಳಗೆ ಹಲಗೆ ಇರಲಿಲ್ಲ. ಕ್ಲೂನಿ ಅವಳ ಕೋಟು ಹಿಡಿದು ಎಳೆಯದಿದ್ದರೆ ಈ ಕಾಗದ ಬೇರೆ ಸುದ್ದಿ ಹೊತ್ತು ಬರುತ್ತಿತ್ತು. ಅವಳ ಕೈಯಲ್ಲಿದ್ದ ಟೀ ಲೋಟ ಬಿತ್ತು. ಅದು ಒಡೆದ ಸದ್ದು ಮೇಲಕ್ಕೆ ಕೇಳಲೇ ಇಲ್ಲ, ಅಷ್ಟು ಆಳ. ಮಿಸ್ ಹಿಸ್ಕಾಕ್ ಬಿಳಿಚಿಕೊಂಡು, "ಬರೋ ವಾರ ಶನಿವಾರ ಮಧ್ಯಾಹ್ನ ಮತ್ತೆ ಬರ್ತೀನಿ. ಅಷ್ಟರಲ್ಲಿ ಮುಚ್ಚಿರ್ಬೇಕು. ಇಲ್ದಿದ್ರೆ ಪೂರ್ತಿ ಕೆಡವಿಸ್ತೀನಿ ಮಾವ, ಬೇರೆ ದಾರೀನೇ ಇಲ್ಲ" ಎಂದು ಹೇಳಿ ಹೋದಳು.

ಮರ ಕೊಯ್ದು ಅಲ್ಲೇ ಇಟ್ಟಿದ್ದೇನೆ. ಅರ್ಧ ದಿನದ ಕೆಲಸವೂ ಅಲ್ಲ. ಅಂದಿನಿಂದ ದಿನಾ ಬೆಳಿಗ್ಗೆ ಸುತ್ತಿಗೆ ಹಿಡಿದು ಹೋಗುತ್ತೇನೆ, ಅಡ್ಡಮರವನ್ನು ಎತ್ತಿ ಜಾಗಕ್ಕೆ ಹಿಡಿಯುತ್ತೇನೆ, ಮತ್ತೆ ಕೆಳಗಿಡುತ್ತೇನೆ. ಹಸಿ ಇದೆ ಎಂದೆ. ಮೊಳೆ ಗಿಡ್ಡವಾಯಿತು ಎಂದೆ. ನಮ್ಮಲ್ಲಿ ಒಬ್ಬರು ಹಗ್ಗ ಹಿಡಿದು ಗುರುತಿಟ್ಟ ಅಟ್ಟಕ್ಕೆ ಅವರು ಕರೆಯದೆ ಇನ್ನೊಬ್ಬರು ಮೊಳೆ ಹೊಡೆಯುವುದಿಲ್ಲವಲ್ಲ, ಎಲ್ಲರೂ ಸುಮ್ಮನೆ ನೋಡುತ್ತಾರೆ. ಕ್ಲೂನಿಗೆ ಮಾತ್ರ ತಡೆಯಲಾಗಲಿಲ್ಲ. "ಮೊಳೆ ಐತೆ, ಸುತ್ತಿಗೆ ಐತೆ, ಇನ್ನೇನು ಪಾದ್ರಿ ಬಂದು ಪ್ರಾರ್ಥನೆ ಮಾಡ್ಬೇಕಾ ಮಾವ?" ಎಂದ. ನಾನು ಅಡ್ಡಮರವನ್ನು ಮತ್ತೆ ಅಳೆಯತೊಡಗಿದೆ.

ಭಾನುವಾರ ಹಿಮಗುಡ್ಡವೊಂದು ಕೊಲ್ಲಿಯ ಬಾಯಿಗೇ ಬಂದು ನಿಂತಿತು. ತೆರೆದ ಕಡೆಗೆ ನಾನು ಕಟ್ಟಿದ್ದ ಹಗ್ಗವನ್ನು ಲೆಕ್ಕಿಸದೆ ಹೊರಗಿನ ಸಂಸಾರವೊಂದು ಅಟ್ಟದ ಮೇಲೆ ಹತ್ತಿತು, ಮಕ್ಕಳು ಓಡಾಡತೊಡಗಿದವು. ನಾನು ಹೋಗಿ ಆ ಅಂಚಿನಲ್ಲಿ ಎರಡೂ ಕೈ ಚಾಚಿ ನಿಂತೆ. ಅವರು ಹೋಗುವವರೆಗೂ ಹಾಗೇ ನಿಂತಿದ್ದೆ. "ನಿಮ್ಮಿಂದ ಏನೂ ಕಾಣಿಸ್ತಿಲ್ಲ ತಾತ, ಸ್ವಲ್ಪ ಪಕ್ಕಕ್ಕೆ ಬನ್ನಿ" ಎಂದಿತು ಒಂದು ಹುಡುಗಿ. ಅವರು ಇಳಿದ ಮೇಲೆ ಆ ಹಗ್ಗವನ್ನು ಇನ್ನೂ ಎರಡು ಸುತ್ತು ಬಿಗಿದು ಬಂದೆ. 

ಟ್ರೈಫೀನಾ ನಿನಗೆ ಬೇಕ್‌ಆಪಲ್ ಹಣ್ಣಿನ ಜಾಮ್ ಕಳಿಸಿದ್ದಾಳೆ, ಕ್ಲೂನಿ ದಾರಿಯಲ್ಲಿ ತಿನ್ನದಿದ್ದರೆ ಸಿಗುತ್ತದೆ. ಹೊತ್ತಿಗೆ ಊಟ ಮಾಡು, ಕೂತು ಮಾಡು. ದೇವರು ನಿನ್ನನ್ನು ಬೆಚ್ಚಗಿಟ್ಟಿರಲಿ.

ನಿನ್ನ ಮಾವ,
ಏಸಾ ಪಾರ್ಡಿ

ಮರೆತೆ: ಕ್ಲೂನಿ ಬಾಗಿಲಲ್ಲೇ ನಿಂತಿದ್ದಾನೆ, ಬೇಗ ಬರೆಯುತ್ತೇನೆ. ಮರ ಹಸಿಯಿಲ್ಲ, ಮೊಳೆ ಗಿಡ್ಡವೂ ಅಲ್ಲ. ಆ ಕಡೆ ಮುಚ್ಚಿದರೆ ನಿನ್ನ ಗಂಡ ಎಲ್ಲಿಂದ ಹತ್ತಿ ಬರಬೇಕು ಎಂದು ಕೈ ನಿಲ್ಲುತ್ತದೆ. ಅದು ಬೆಟ್ಟದ ಮೇಲಿದೆ, ದೋಣಿ ಅಲ್ಲಿಗೆ ಬರುವುದಿಲ್ಲ ಎಂಬುದು ನನಗೂ ಗೊತ್ತು. ಆದರೂ. ಗಾರ್ಲಂಡ್ ಇನ್ನು ಬರುವುದಿಲ್ಲ ಎಂದು ನೀನೂ ಒಂದು ದಿನ ಬಾಯಿಬಿಟ್ಟು ಹೇಳಲಿಲ್ಲ, ನಾನೂ ಹೇಳಲಿಲ್ಲ. ಈ ಶನಿವಾರಕ್ಕೆ ಮುಂಚೆ ಟ್ರೈಫೀನಾ ಮನೆಗೆ ಒಂದು ಫೋನ್ ಮಾಡಮ್ಮ. ನೀನು ಏನೂ ಹೇಳಬೇಕಾಗಿಲ್ಲ. ಆ ಮಾತನ್ನು ನಾನೇ ಹೇಳುತ್ತೇನೆ. ನೀನು ಆ ಕಡೆ ಇದ್ದರೆ ಸಾಕು.