ಕಂಬದ ಕೆಳಗೆ ಮೂವರು

ಜೂನ್ 11
ಇವತ್ತೂ ಜೀಪು ನೆಮ್ಮಾರ್ ಮುಟ್ಟುವವರೆಗೆ ಲೈನ್‌ಮ್ಯಾನ್ ಸುಂದರೇಶಣ್ಣನ ಬಾಯಿ ನಿಲ್ಲಲಿಲ್ಲ. ಕಂಬದ ಬುಡದಲ್ಲೂ ಅದೇ. "ಮೇಡಂ, ಲೈನ್ ಕ್ಲಿಯರ್ ಸಿಕ್ತಾ? ಕರೆಂಟ್ ತೆಗೆದೋರು ಯಾರು? ಹೆಸ್ರು ಹೇಳಿ." ಮೇಲೆ ಹತ್ತಿ ಮತ್ತೆ ಅದನ್ನೇ ಕೂಗುತ್ತಾರೆ. ಇನ್ನೊಬ್ಬ ಲೈನ್‌ಮ್ಯಾನ್ ಧರ್ಮೇಶ್ ಬಾಯೇ ಬಿಡುವುದಿಲ್ಲ. ಈ ಸೆಕ್ಷನ್‌ಗೆ ನಾನು ಜೂನಿಯರ್ ಇಂಜಿನಿಯರ್ ಆಗಿ ಬಂದಾಗಿನಿಂದ ಸುಂದರೇಶಣ್ಣನ ಈ ಬಾಯಿ ಒಂದು ತಲೆನೋವು.

ಸುಂದರೇಶಣ್ಣನನ್ನು ಕಿಗ್ಗದ ಗ್ಯಾಂಗಿಗೆ ಹಾಕಿದೆ.

"ನಾನ್ ಎಂತ ಮಾಡ್ದೆ ಮಾರಾಯ್ರೆ?"

"ಏನಿಲ್ಲ. ಆ ಕಡೆ ಜನ ಕಮ್ಮಿ."

ಸುಳ್ಳು.

ಜೂನ್ 14
ಧೂಪದ ಮರ ಬಿದ್ದು ಎರಡು ಕಂಬ ಮುರಿದಿತ್ತು. ಸಂಜೆಯೊಳಗೆ ಮುಗಿಯಿತು. ನಾನು ಕೈ ತೋರಿಸಿದೆ, ಧರ್ಮೇಶ್ ಮಾಡಿದ. ಓದುತ್ತಿರುವ ಹಂಗೇರಿಯನ್ ಕಾದಂಬರಿಯ ಅನುವಾದದಲ್ಲಿ ಒಂದು ಇಡೀ ಅಧ್ಯಾಯ ಯಾರೂ ಮಾತಾಡುವುದಿಲ್ಲ. ದಿನ ಹಾಗೆ ಕಳೆಯಿತು. ಹಿತವಾಗಿ.

ಜೂನ್ 19
ಕೆರೆಕಟ್ಟೆ ರಸ್ತೆ. ಕರೆಂಟ್ ತೆಗೆಯಲು ವಿದ್ಯುತ್ ಸ್ಟೇಷನ್‌ಗೆ ಫೋನ್ ಮಾಡಿದೆ. "ಸ್ವಲ್ಪ ತಡೀರಿ ಮೇಡಂ" ಎಂದರು. ಧರ್ಮೇಶ್ ನನ್ನ ಮುಖ ನೋಡಿದ. ತಲೆಯಾಡಿಸಿದೆ — ಹೇಳಿದ್ದೇನೆ, ಕಾಯೋಣ ಎಂದು. ಅವನಿಗೆ ಅದು ಕಂಬ ಹತ್ತು ಎಂದಂತೆ ಕಂಡಿತು; ಹತ್ತಿದ.

ನಾನು ಮೊಬೈಲ್ ನೋಡುತ್ತಿದ್ದೆ. ಅದು ರಿಂಗಾಯಿತು, ಸ್ಟೇಷನ್‌ನವರು. "ಕರೆಂಟ್ ಈಗ ತೆಗೀತಾ ಇದೀನಿ ಮೇಡಂ." ಈಗ? ಕತ್ತೆತ್ತಿದೆ. ಅವನ ಕೈ ತಂತಿಯ ಹತ್ತಿರ... ಕೂಗಿದೆ. "ಇಳೀರಿ!"

ಇಳಿದ. ಶೃಂಗೇರಿ ಮುಟ್ಟುವವರೆಗೂ ಜೀಪಿನಲ್ಲಿ ಇಬ್ಬರೂ ಬಾಯಿ ಬಿಡದೆ ಕೂತಿದ್ದೆವು. ಹೆದರಿಕೆಯಾಗಿದ್ದು ಆಗ.

ಜೂನ್ 23
ರಿಪೋರ್ಟ್ ಕೊಟ್ಟೆ. ಕೊಪ್ಪದಿಂದ ಬಂದಿದ್ದ ಇಂಜಿನಿಯರ್ ವೆಂಕಟರಮಣ ಸರ್ ಓದಿ ಪಕ್ಕಕ್ಕಿಟ್ಟರು.

"ಏನೂ ಆಗ್ಲಿಲ್ವಲ್ಲ. ಬರೆಯೋದು ಎಂತಕ್ಕೆ?"

"ಮುಂದೆ ಆಗ್ಬಾರ್ದು ಅಂತ ಸರ್. ಸುಂದರೇಶಣ್ಣ ವಾಪಸ್ ಬೇಕು."

"ಬೇಡ ಅಂದಿದ್ದು ನೀವೇ."

"ಹೌದು ಸರ್. ಈಗ ಬೇಕು."

ಒಪ್ಪುವವರೆಗೆ ಕುರ್ಚಿ ಬಿಟ್ಟು ಏಳಲಿಲ್ಲ.

ಜೂನ್ 24
ಕಿಗ್ಗಕ್ಕೆ ನಾನೇ ಹೋದೆ. ನಡೆದದ್ದನ್ನೆಲ್ಲ ಹೇಳಿದೆ, ಅಂದಿನ ಸುಳ್ಳನ್ನೂ. ಸುಂದರೇಶಣ್ಣ ಚಾ ಲೋಟ ಕೆಳಗಿಟ್ಟರು.

"ಗೊತ್ತಿತ್ತು ಬಿಡಿ. ಇಲ್ಲಿ ಜನ ಕಮ್ಮಿ ಇರ್ಲಿಲ್ಲ." ಆಮೇಲೆ — "ಬರ್ತೀನಿ. ಆದ್ರೆ ನಾನೊಬ್ನೇ ಕೂಗೋದಾದ್ರೆ ನನ್ ಬದ್ಲು ಒಂದು ಮೈಕ್ ಇಟ್ಕಳಿ ಮಾರಾಯ್ರೆ. ನಾನ್ ರಜೆ ಹಾಕಿದ್ ದಿನ ಆ ಧರ್ಮೇಶ್ ಮಾಣಿ ಗತಿ ಎಂತ? ನೀವೂ ಬಾಯಿ ಬಿಡ್ಬೇಕು."

ಆಗಲಿ ಎಂದೆ.

ಜೂನ್ 25
ಆಫೀಸಿನ ಹಿಂದಿನ ಖಾಲಿ ಕಂಬದಲ್ಲಿ ಅಭ್ಯಾಸ. ನಿಯಮ: ತಲೆಯಾಡಿಸುವಂತಿಲ್ಲ. ಕರೆಂಟ್ ತೆಗೆದವರ ಹೆಸರು ನಾನು ಕೂಗಬೇಕು, ಧರ್ಮೇಶ್ ತಿರುಗಿ ಕೂಗಬೇಕು, ಆಮೇಲೇ ಹತ್ತುವುದು. ಮೊದಲ ಸಲ ನನ್ನ ಧ್ವನಿ ನನಗೇ ಕೇಳಲಿಲ್ಲ.

"ದೇವ್ರಿಗೆ ಹರಕೆ ಹೇಳ್ತಿದೀರಾ ಮೇಡಂ?" — ಸುಂದರೇಶಣ್ಣ.

ಧರ್ಮೇಶ್ ನಕ್ಕ. ಆಮೇಲೆ ತಾನಾಗಿ ಹೇಳಿದ, "ನಾನೂ ಕೇಳ್ಬೇಕಿತ್ತು ಮೇಡಂ. ಕೇಳಿದ್ರೆ ನಿಮ್ಗೆ ಬೇಜಾರಾಗುತ್ತೆ ಅಂತ ಸುಮ್ನಿದ್ದೆ."

ಮಧ್ಯಾಹ್ನದ ಹೊತ್ತಿಗೆ ಗಂಟಲು ಕಟ್ಟಿತು. ಬಿಡಲಿಲ್ಲ.

ಜೂನ್ 27, ಬೆಳಿಗ್ಗೆ
ಮತ್ತೆ ಕೆರೆಕಟ್ಟೆ ರಸ್ತೆ. ಸುಂದರೇಶಣ್ಣನಿಗೆ ಜ್ವರ, ಬಂದಿಲ್ಲ. ನಾವಿಬ್ಬರೇ. ಜೀಪಿನಲ್ಲಿ ಕೂತು ಬರೆಯುತ್ತಿದ್ದೇನೆ, ಸ್ಟೇಷನ್‌ನವರ ಫೋನಿಗೆ ಕಾಯುತ್ತ. ಧರ್ಮೇಶ್ ಬೆಲ್ಟ್ ಕಟ್ಟಿಕೊಂಡು ಕಂಬದ ಬುಡದಲ್ಲಿ ನಿಂತಿದ್ದಾನೆ. ನಾನು ತಲೆಯಾಡಿಸಿದರೂ ಕಾಣದಿರಲೆಂದು ಬೇಕೆಂದೇ ನನಗೆ ಬೆನ್ನು ಹಾಕಿದ್ದಾನೆ.

ಫೋನ್. ಹೆಸರು ಕೇಳಿಕೊಂಡೆ. ಈಗ ಕೂಗಬೇಕು —