ಸಕ್ಕರೆ ಒಲ್ಲೆ ಅಂದದ್ದಕ್ಕೆ

ಫೆಬ್ರವರಿ 3, ಸೋಮವಾರ, ಬೆಳಗ್ಗೆ 6.15

ಕಬ್ಬಿಣದ ಮಾತ್ರೆ ಆಯಿತು. ಇನ್ನೆರಡು ಗಂಟೆ ಕ್ಯಾಲ್ಸಿಯಂ ಮುಟ್ಟುವಂತಿಲ್ಲ. ಎರಡೂ ಒಟ್ಟಿಗೆ ಹೊಟ್ಟೆಗೆ ಹೋದರೆ ಜಗಳ, ಯಾವುದೂ ಮೈಗೆ ಹತ್ತುವುದಿಲ್ಲ. ನೀರು ಕುಡಿದು ಅರ್ಧ ಗಂಟೆಗೆ ತಿಂಡಿ. ತಿಂಡಿ ತಿಂದು ಅರ್ಧ ಗಂಟೆಗೆ ನೀರು. ಆರು ವರ್ಷದಿಂದ ಹೀಗೇ. ಮದುವೆಯಾಗದಿದ್ದರೂ ಗಡಿಯಾರ ಅನ್ನುವ ಅತ್ತೆಯ ಕೈಕೆಳಗೆ ಬದುಕಿದ್ದೇನೆ!

ಬಾಚಣಿಗೆಯಲ್ಲಿ ಇವತ್ತು ಹನ್ನೊಂದೇ ಕೂದಲು. ಎಣಿಸಿದೆ. ಹೋಗಲಿ ಬಿಡು. ನೂರಾ ಹದಿನೆಂಟು ಕಿಲೋ ಇದ್ದವಳು ಅರವತ್ಮೂರಕ್ಕೆ ಬಂದಿದ್ದೇನೆ. ಇಪ್ಪತ್ಮೂರನೇ ವಯಸ್ಸಿಗೇ ಗಂಟು ಬಿದ್ದಿದ್ದ ಸಕ್ಕರೆ ಕಾಯಿಲೆ ಸದ್ಯಕ್ಕೆ ಈ ಕಡೆ ತಲೆ ಹಾಕಿಲ್ಲ. ಅದಕ್ಕೆ ಒಂದಿಷ್ಟು ಕೂದಲು ಹೋದರೆ ಹೋಯಿತು.

ಸರ್ವೇಯರ್ ಕೆಲಸ, ಇವತ್ತು ಹರ್ತಿಗೆ ಮೋಜಣಿಗೆ, ಹೊಲ ಅಳೆಯಲು ಹೋಗಬೇಕು. ಎಂಟು ಎಕರೆ. ಇಡೀ ದಿನ ನಡೆಯಬೇಕು. ನಡೆಯುವುದೆಂದರೆ ನನಗೆ ಈಗಲೂ ಹಬ್ಬ! ಆಗ ಬಸ್ಸಿನ ಮೆಟ್ಟಿಲು ಹತ್ತಿದರೂ ಏದುಸಿರು. ಕಂಡಕ್ಟರ್ ಒಬ್ಬ "ಎರಡ ಟಿಕೀಟ ತಗೀಬೇಕಾಕ್ಕೈತಿ ನೋಡವಾ" ಅಂದಿದ್ದ... ಬೇಡ. ಬಸ್ಸಿಗೆ ಹೊತ್ತಾಯಿತು.

ಅದೇ ದಿನ, ಸಂಜೆ

ಬರೆಯದೆ ಇರಲಾಗುತ್ತಿಲ್ಲ.

ಹೊಲದ ಒಂದು ಬದಿಗೆ ಗಾಳಿಯಂತ್ರ. ಅದರ ದಾರಿಯ ಗಡಿ ತೋರಿಸಲು ಕಂಪನಿಯ ಟೆಕ್ನೀಷಿಯನ್ ಬಂದಿದ್ದ. ಭೀಮೇಶ, ಮುಂಡರಗಿಯವ. ದಿನಾ ಆ ಕಂಬ ಹತ್ತಿ ಇಳಿಯುವವ. ನನ್ನ ಹಿಂದೆ ಎಂಟು ಎಕರೆ ಸುತ್ತುವಷ್ಟರಲ್ಲಿ ಅವನೇ ಸುಸ್ತು! "ಮೇಡಂ, ಸ್ವಲ್ಪ ಕುಂದರೂಣಲ್ರಿ" ಅಂದ.

ಗಡಿಯ ಬಾಂದಿನ ಕಲ್ಲಿನ ಮೇಲೆ ಕುಳಿತು ಗಿರ್ಮಿಟ್, ಮಿರ್ಚಿ. ಹೊಲದವರೆಲ್ಲ ನನಗೆ ಇನ್ನೊಂದು ಹಾಕ್ಕೋರಿ, ಇನ್ನೊಂದು ಹಾಕ್ಕೋರಿ ಅನ್ನುವುದು. ನಾನು ಅರ್ಧ ಮಿರ್ಚಿ ತಿಂದು ಇಟ್ಟೆ. ಈಗ ಶುರುವಾಗುತ್ತದೆ ಅಂದುಕೊಂಡೆ: ಯಾಕ್ರಿ, ರುಚಿ ಇಲ್ಲೇನ್ರಿ, ಡಯಟ್ ಏನ್ರಿ... ಅವನು ಏನೂ ಕೇಳಲಿಲ್ಲ. ಆ ಅರ್ಧ ಎತ್ತಿಕೊಂಡು ತಾನೇ ತಿಂದ. ಆಮೇಲೆ ನಂಬರ್ ಕೇಳಿದ. ನಕ್ಷೆ ಕಳಿಸಲಿಕ್ಕಂತೆ! ನಕ್ಷೆ ಕಳಿಸಬೇಕಾದವಳು ನಾನು.

ಫೆಬ್ರವರಿ 7, ಶುಕ್ರವಾರ

ತಿಂಗಳ ಬಿ-12 ಇಂಜೆಕ್ಷನ್ ಆಯಿತು. ಸಿಸ್ಟರ್ "ಯಾಕ ಇಷ್ಟ ನಗಾಕ್ಹತ್ತಿ? ಚುಚ್ಚಿದ್ದು ಗೊತ್ತಾಗ್ಲಿಲ್ಲೇನು?" ಅಂದರು. ಖರೆ, ಗೊತ್ತಾಗಲಿಲ್ಲ.

ನಾಲ್ಕು ದಿನದಲ್ಲಿ ನಲವತ್ತು ಮೆಸೇಜು. ನಕ್ಷೆಯ ಮಾತು ಒಂದರಲ್ಲೂ ಇಲ್ಲ.

ಫೆಬ್ರವರಿ 16, ರವಿವಾರ

ಹೆಣ್ಣು ನೋಡಲು ಬಂದಿದ್ದರು! ಭೀಮೇಶನ ತಾಯಿ ಹನಮಂತವ್ವ, ಸೋದರಮಾವ ಬೀರಲಿಂಗಪ್ಪ, ಅವನು. ತಂದೆ ಇಲ್ಲ. ತಾಯಿಯೇ ಮನೆಯ ಯಜಮಾನಿ. ನಮ್ಮ ಪೈಕಿಯವರೇ ಎಂದು ತಿಳಿದಾಗಿನಿಂದ ನಮ್ಮವ್ವ ಮರಿಯವ್ವನ ಕಾಲು ನೆಲದ ಮೇಲಿಲ್ಲ.

ಬರುವ ಮೊದಲೇ ಅವ್ವ ನನ್ನನ್ನು ಅಡುಗೆಮನೆಗೆ ಎಳೆದು ಆಣೆ ಹಾಕಿಸಿಕೊಂಡಳು. "ಆ ಸುದ್ದಿ ಎತ್ತಬ್ಯಾಡ. ಹೊಟ್ಟಿ ಕೊಯ್ಸ್ಕೊಂಡಾಕಿ ಅಂದ್ರ ರೋಗಿಷ್ಟಿ ಅಂತಾರ. ಲಗ್ನಾ ಆದ ಮ್ಯಾಲ ಹೇಳಿದ್ರಾತು."

ಪೂರ್ಣ ತೋಳಿನ ಕುಪ್ಪಸ ಹಾಕಿಕೊಂಡೆ. ತೋಳಿನ ಕೆಳಗೆ ಜೋತುಬಿದ್ದ ಚರ್ಮ ಕಾಣಬಾರದಲ್ಲ. ಸಪೂರ ಹುಡುಗಿ, ಚೊಲೋ ಹುಡುಗಿ ಅಂದರು. ಒಳಗೊಳಗೇ ನಗು, ಒಳಗೊಳಗೇ ಸಿಟ್ಟು. ಈ ಸಪೂರಕ್ಕೆ ಏನೇನು ಕೊಟ್ಟಿದ್ದೇನೆ ಅಂತ ಇವರಿಗೆ ಗೊತ್ತಿಲ್ಲ. ಸುಳ್ಳು ಹೇಳಿ ಆ ಮನೆಗೆ ಹೋಗಲಾರೆ. ಅದೂ ಅರ್ಧ ಮಿರ್ಚಿ ತಿಂದವನ ಮನೆಗೆ.

ಫೆಬ್ರವರಿ 19, ಬುಧವಾರ

ಭೀಮೇಶನಿಗೆ ಹೇಳಿಬಿಟ್ಟೆ! ಶಿರಹಟ್ಟಿ ಬಸ್ ಸ್ಟ್ಯಾಂಡಿನಲ್ಲಿ ನಿಂತು, ಫೋನಿನಲ್ಲಿ, ಒಂದೇ ಉಸಿರಿಗೆ. ತೂಕ ಇಳಿಸುವ ಆಪರೇಷನ್, ಹುಬ್ಬಳ್ಳಿಯಲ್ಲಿ ಮಾಡಿಸಿದ್ದು. ಹೊಟ್ಟೆಯನ್ನು ಕೋಳಿಮೊಟ್ಟೆಯಷ್ಟು ಮಾಡಿ ಕರುಳನ್ನು ಅಡ್ಡದಾರಿಯಿಂದ ಜೋಡಿಸಿದ್ದಾರೆ. ಮಾತ್ರೆ ಬಿಡುವಂತಿಲ್ಲ. ಸಿಹಿ ತಿಂದರೆ ಹತ್ತು ನಿಮಿಷಕ್ಕೆ ಎದೆ ಹೊಡೆದುಕೊಂಡು, ಬೆವರು ಸುರಿದು, ಹೊಟ್ಟೆ ಹಿಂಡಿ ಮಲಗಬೇಕು. ಡಾಕ್ಟರು ಅದಕ್ಕೆ ಡಂಪಿಂಗ್ ಅನ್ನುತ್ತಾರೆ, ನಾನು ಧಡಧಡ ಅನ್ನುತ್ತೇನೆ.

ಅವನು ಕೇಳಿದ್ದು ಒಂದೇ:

"ಅಂದ್ರ... ಹೋಳಿಗಿ ಮಾಡಿದ ದಿನಾ ನಿಮ್ಮ ಪಾಲಿಂದೂ ನನಗ?"

ಬಸ್ ಸ್ಟ್ಯಾಂಡಿನಲ್ಲಿ ಒಬ್ಬಳೇ ನಕ್ಕೆ. ಜನ ನೋಡಿದರು. ನೋಡಲಿ! ತಾಯಿಗೆ ತಾನೇ ನಿಧಾನಕ್ಕೆ ಹೇಳುತ್ತೇನೆ ಅಂದಿದ್ದಾನೆ. ನಿಧಾನಕ್ಕೆ ಅಂದರೆ ಯಾವಾಗ ಅಂತ ಕೇಳಬೇಕಿತ್ತು, ಕೇಳಲಿಲ್ಲ.

ಮಾರ್ಚ್ 2, ರವಿವಾರ, ಸಂಜೆ 5

ಆದದ್ದನ್ನು ಆದ ಹಾಗೇ ಬರೆದುಬಿಡುತ್ತೇನೆ.

ಮದುವೆಯ ಮಾತು ಮುಗಿಸಲು ಹಿರಿಯರು ಬಂದಿದ್ದರು. ಭೀಮೇಶನಿಗೆ ಬೆಳಗ್ಗೆಯೇ ಯಂತ್ರ ಕೆಟ್ಟಿದೆ ಎಂದು ಕರೆ. ಅವನು ಕಂಬದ ಮೇಲೆ. ಎಲ್ಲ ಸುಸೂತ್ರ. ಮುಹೂರ್ತ, ಸೀರೆ, ಛತ್ರ, ಎಲ್ಲ ಒಪ್ಪಿಗೆ. ಅಪ್ಪ ಮುಗುಳ್ನಗುತ್ತ ಕುಳಿತಿದ್ದ. ಹನಮಂತವ್ವ ತಟ್ಟೆಯಿಂದ ಒಂದು ಹಿಡಿ ಸಕ್ಕರೆ ತೆಗೆದುಕೊಂಡು ಎದ್ದರು. ಬಾಯಿಗೆ ಸಕ್ಕರೆ ಬಿದ್ದರೆ ಮಾತು ಮುಗಿದಂತೆ, ಆಮೇಲೆ ಹಿಂದೆ ಸರಿಯುವಂತಿಲ್ಲ. ಚಿಟಿಕೆ ಅಲ್ಲ, ಹಿಡಿ! ಪ್ರೀತಿ ಜಾಸ್ತಿ ಆದವರ ಅಳತೆ.

"ಬಾಯಿ ತಗಿಯವಾ."

ಬಾಯಿ ತಾನಾಗಿ ಮುಚ್ಚಿಕೊಂಡಿತು. ಈ ಆರು ವರ್ಷದಲ್ಲಿ ನನಗಿಂತ ಮೊದಲು ನನ್ನ ಬಾಯಿಗೇ ಬುದ್ಧಿ ಬಂದಿದೆ. ತುಟಿಗೆ ಸಕ್ಕರೆ ತಾಗಿತು. ನಾನು ಮುಖ ತಿರುಗಿಸಿ "ಒಲ್ಲೆ" ಅಂದೆ.

ಒಲ್ಲೆ! ಇಡೀ ಕನ್ನಡದಲ್ಲಿ ನನಗೆ ಆ ಹೊತ್ತಿಗೆ ಸಿಕ್ಕ ಮಾತು ಅದೊಂದೇ.

ಹನಮಂತವ್ವನ ಕೈ ಅಲ್ಲೇ ನಿಂತಿತು. "ಸಕ್ರಿ ಒಲ್ಲೇನು, ನನ್ನ ಮಗನ್ನ ಒಲ್ಲೇನು?"

ಅಪ್ಪ ಗಾಬರಿಯಾಗಿ ಎದ್ದ. ಮೂವತ್ತು ವರ್ಷ ಬಸ್ಸು ಓಡಿಸಿದ ಫಕ್ಕೀರಪ್ಪ, ಒಂದೂ ಅಪಘಾತ ಮಾಡದವ. ಇವತ್ತು ಮಾಡಿದ. "ತಪ್ಪ ತಿಳಕೋಬ್ಯಾಡ್ರಿ ಬೀಗತಿಯರ. ಹುಡುಗಿ ಒಪ್ಪ್ಯಾಳ. ಆದ್ರ ಆಕೀಗಿ ಆಪರೇಷನ್ ಆಗೇತ್ರಿ."

ನಮ್ಮ ಮನೆಯಲ್ಲಿ ಆರು ವರ್ಷದಿಂದ ಆಪರೇಷನ್ ಅಂದರೆ ಒಂದೇ. ಆಪರೇಷನ್ ಆದ ಮೇಲೆ, ಆಪರೇಷನ್ ಮುಂಚೆ... ಊರಿನಲ್ಲಿ ಹೆಂಗಸರಿಗೆ ಆಪರೇಷನ್ ಆಗಿದೆ ಅಂದರೆ ಮಕ್ಕಳು ಸಾಕೆಂದು ಮಾಡಿಸಿಕೊಂಡದ್ದು ಅಂತಲೇ ಅರ್ಥ ಎನ್ನುವುದನ್ನು ನಾವು ಮೂವರೂ ಮರೆತೇಬಿಟ್ಟಿದ್ದೆವು.

ಹನಮಂತವ್ವ ಸಕ್ಕರೆಯನ್ನು ತಟ್ಟೆಗೆ ಸುರಿದರು. ಕೈ ಒರೆಸಿಕೊಂಡರು. ಬಹಳ ಮೆಲ್ಲಗೆ ಕೇಳಿದರು.

"ಎಷ್ಟ ಮಕ್ಕಳಾದ ಮ್ಯಾಲೆ?"

ಅವ್ವ ಗೋಡೆ ಹಿಡಿದು ಕುಳಿತಳು. ನಾನು ಹೊಟ್ಟೆಯದು, ತೂಕದ್ದು, ಅದಲ್ಲ, ಇದು ಅಂತ ಏನೇನೋ ತೊದಲಿದೆ. ಯಾರು ಕೇಳುತ್ತಾರೆ! ಬೀರಲಿಂಗಪ್ಪ ಆಗಲೇ ಚಪ್ಪಲಿ ಮೆಟ್ಟಿದ್ದ.

ಮಾರ್ಚ್ 3

ಇವತ್ತು ಬರೆಯುವುದಿಲ್ಲ.

ಮಾರ್ಚ್ 9, ರವಿವಾರ

ಲಕ್ಷ್ಮೇಶ್ವರದಿಂದ ಸೋದರತ್ತೆಯ ಫೋನು. "ಲೇ ಕಾವೇರಿ, ನಿನಗ ಎರಡ ಮಕ್ಕಳಂತ ಇಲ್ಲಿ ಖಬರ ಬಂದೈತಿ. ಒಂದ ಗಂಡು, ಒಂದ ಹೆಣ್ಣು. ಹೆಣ್ಣಮಗು ನಿನ್ನಂಗ ಐತಂತ." ಮೊದಲು ಅತ್ತೆ ನಕ್ಕಳು, ಆಮೇಲೆ ಇಬ್ಬರೂ ಫೋನಿನಲ್ಲಿ ನಕ್ಕು ನಕ್ಕು... ಇಟ್ಟ ಮೇಲೆ ಅತ್ತೆ. ಅಂದರೆ, ಅತ್ತದ್ದು ನಾನು.

ಭೀಮೇಶ ದಿನಾ ಫೋನು ಮಾಡುತ್ತಾನೆ. ತಾಯಿಗೆ ಹೇಳಿದನಂತೆ, ಎರಡು ಸಲ, ಮೂರು ಸಲ. "ಆಕೀ ಕಲಿಸಿದ್ದು ಹೇಳಾಕ್ಹತ್ತಿ" ಅನ್ನುತ್ತಾರಂತೆ. "ರಜಿಸ್ಟರ್ ಮದಿವಿ ಆಗೂಣ" ಅಂದ. ಒಲ್ಲೆ ಅಂದೆ. ಈ ಒಲ್ಲೆ ಮಾತ್ರ ಯೋಚಿಸಿ ಹೇಳಿದ್ದು. ಕದ್ದು ಮದುವೆಯಾದರೆ ಆ ಎರಡು ಮಕ್ಕಳು ಖರೆ ಆಗಿಬಿಡುತ್ತಾರೆ.

ಮೂರು ದಿನ ಮಾತ್ರೆ ತಪ್ಪಿದೆ, ಊಟ ಸೇರಿಲ್ಲ. ನಿನ್ನೆ ಕಳಸಾಪುರದ ಹೊಲದಲ್ಲಿ ಕಣ್ಣಿಗೆ ಕತ್ತಲೆ ಬಂದು ಕುಸಿದೆ. ಸಾಕು. ಈ ಮೈ ಅಲಕ್ಷ್ಯ ಮಾಡಿದರೆ ಸುಮ್ಮನಿರುವ ಮೈ ಅಲ್ಲ. ಇವತ್ತಿನಿಂದ ಮಾತ್ರೆ ಶುರು. ಮತ್ತು ಬುಧವಾರ ಮುಂಡರಗಿ. ಯಾರಿಗೂ ಹೇಳುವುದಿಲ್ಲ.

ಮಾರ್ಚ್ 12, ಬುಧವಾರ, ಮಧ್ಯಾಹ್ನ 2, ಬಸ್ಸಿನಲ್ಲಿ

ಬಸ್ಸು ಕುಣಿಯುತ್ತಿದೆ, ಅಕ್ಷರವೂ ಕುಣಿಯುತ್ತಿದೆ. ಮರೆಯುವ ಮೊದಲು ಬರೆಯಬೇಕು.

ಹನಮಂತವ್ವ ರೊಟ್ಟಿ ಬಡಿಯುತ್ತಿದ್ದರು. ಬಾ ಅನ್ನಲಿಲ್ಲ, ಹೋಗು ಅನ್ನಲೂ ಇಲ್ಲ. ಆಸ್ಪತ್ರೆಯ ಫೈಲು ಮುಂದಿಟ್ಟೆ. ಹಿಟ್ಟಿನ ಕೈಯಿಂದ ಅದನ್ನು ಆಚೆ ಸರಿಸಿದರು. "ನನಗ ಓದಾಕ ಬರಂಗಿಲ್ಲ. ಹಾಳಿ ಮ್ಯಾಲೆ ಏನ ಬೇಕಾದ್ದು ಬರೀಬೌದು."

ಅಷ್ಟೇ. ಫೈಲು ಮುಗಿಯಿತು. ಇನ್ನು ಉಳಿದದ್ದು ಒಂದೇ ಸಾಕ್ಷಿ.

ಅದನ್ನು ನಾನು ಯಾರಿಗೂ ತೋರಿಸಿಲ್ಲ. ಅವ್ವನಿಗೂ. ಐವತ್ತೈದು ಕಿಲೋ ಹೋದ ಮೇಲೆ ಚರ್ಮ ಮಾತ್ರ ಹಿಂದೆ ಉಳಿದಿದೆ, ಮಡಿಕೆ ಮಡಿಕೆಯಾಗಿ, ಬಿಳಿ ಗೆರೆಗಳು ತುಂಬಿಕೊಂಡು. ಎರಡು ಹೆತ್ತವಳ ಹೊಟ್ಟೆ ಅಂದರೆ ಯಾರಾದರೂ ನಂಬುತ್ತಾರೆ! ತೋರಿಸಿದರೆ ಸುದ್ದಿ ಖರೆ ಅನ್ನಿಸಬಹುದು. ತೋರಿಸದಿದ್ದರೆ ಖರೆಯೇ ಆಗುತ್ತದೆ.

ಬಾಗಿಲು ಮುಂದೆ ಮಾಡಿ ಸೆರಗು ಸರಿಸಿದೆ.

ಅವರು ಒಲೆ ಸಣ್ಣ ಮಾಡಿದರು. ಕನ್ನಡಕ ತಂದರು. ನಾಚಿಕೆಯಿಂದ ಕಣ್ಣು ಮುಚ್ಚಿ ನಿಂತೆ. ಹಿಟ್ಟಿನ ಬೆರಳು ತಣ್ಣಗಿತ್ತು. ಒಂದು, ಎರಡು... ಐದು. ಎದೆಯ ಕೆಳಗಿನ ಐದು ಸಣ್ಣ ಕಲೆಗಳನ್ನು ಎಣಿಸಿದರು. ಆಮೇಲೆ ಹೊಕ್ಕುಳ ಕೆಳಗೆ ಹುಡುಕಿದರು.

"ಅದರದು ಇಲ್ಲಿ ಇರ್ತೈತಿ," ಅಂದು ತಮ್ಮ ಸೆರಗನ್ನೇ ಸರಿಸಿ ತಮ್ಮ ಗುರುತು ತೋರಿಸಿದರು. "ಭೀಮ್ಯಾ ಆದ ಮ್ಯಾಲೆ ಎರಡ ಹೆಣ್ಣ ಹಡದ ಮಾಡಿಸಿದ್ದು. ಮೂರ ತಿಂಗಳ ಕೊಡಾ ಎತ್ತಬ್ಯಾಡ ಅಂದಿದ್ರು, ಎಂಟನೇ ದಿನಕ್ಕ ಎತ್ತಿನಿ. ನಿಂದು ಆ ಆಪರೇಷನ್ ಅಲ್ಲ. ಮತ್ತ ಈ ತೊಗಲ್ಯಾಕ ಹಿಂಗ?"

ಮೊಬೈಲಿನಲ್ಲಿ ಹಳೆಯ ಫೋಟೋ ತೋರಿಸಿದೆ. ನೂರಾ ಹದಿನೆಂಟು ಕಿಲೋ, ಹಳದಿ ಸೀರೆ. ಫೋಟೋ ನೋಡಿದರು, ನನ್ನನ್ನು ನೋಡಿದರು, ಮತ್ತೆ ಫೋಟೋ.

"ಅಯ್ಯ ಯವ್ವಾ, ಇಷ್ಟೆಲ್ಲಾ ಎಲ್ಲಿಟ್ಟಿ?"

ನಗು ತಡೆಯಲಾಗಲಿಲ್ಲ. ಅವರಿಗೂ. ಇಬ್ಬರೂ ಸೆರಗು ಸರಿಸಿಕೊಂಡು ಅಡುಗೆಮನೆಯಲ್ಲಿ ನಿಂತು ನಗುವುದು, ತವೆಯ ಮೇಲೆ ರೊಟ್ಟಿ ಕರಕಲಾಗುವುದು!

ಆಮೇಲೆ ಕೂರಿಸಿಕೊಂಡು ಕೇಳಿದರು. ಗುಳಿಗಿ ಎಷ್ಟ ದಿನಾ? ಸಾಯೂ ತನಕ ರಿ, ಅಂದೆ. "ನನ್ನ ಬೀಪಿದೂ ಹಂಗ." ಸಕ್ಕರೆ ತಿಂದರೆ ಏನಾಗುತ್ತದೆ? ಹೇಳಿದೆ. ಕೊನೆಗೆ ಕೇಳಬೇಕಾದದ್ದನ್ನು ಕೇಳಿದರು. ಮಕ್ಕಳು?

ಸುಳ್ಳು ಹೇಳಬಹುದಿತ್ತು. "ಆಗ್ತಾವಂತ ಡಾಕ್ಟರ್ ಅಂದಾರ ರಿ. ಆದ್ರ ಬಾಳ ಜ್ವಾಕಿ ಮಾಡಬೇಕು, ರಕ್ತ ತಪಾಸ ಮಾಡಿಸ್ಕೋತ ಇರಬೇಕು. ಖಾತ್ರಿ ಅಂತ ನಾ ಹೇಳಂಗಿಲ್ಲ."

ರೊಟ್ಟಿ ಮುರಿದು ಕಾಲು ಭಾಗ ನನ್ನ ಮುಂದಿಟ್ಟರು, ಮೇಲೆ ಪುಂಡಿ ಪಲ್ಲೆ. ಇನ್ನೊಂದಿಷ್ಟು ಹಾಕ್ಕೋ ಅನ್ನಲಿಲ್ಲ. ತಿಂದೆ. "ಬಸ್ ತಪ್ಪತೈತಿ, ನಡಿ" ಅಂದರು. ಹೌದು ಅನ್ನಲಿಲ್ಲ, ಇಲ್ಲ ಅನ್ನಲಿಲ್ಲ.

ಆದರೂ ಯಾಕೋ ಮೈ ಹಗುರ. ಅರವತ್ಮೂರಕ್ಕೂ ಹಗುರ.

ಮಾರ್ಚ್ 23, ರವಿವಾರ, ಮಧ್ಯಾಹ್ನ 3.40, ಒಳಕೋಣೆ

ಸೀರೆ ಸರಿಮಾಡಿಕೊಳ್ಳುತ್ತೇನೆ ಅಂತ ಸುಳ್ಳು ಹೇಳಿ ಬಾಗಿಲು ಹಾಕಿಕೊಂಡಿದ್ದೇನೆ. ಎರಡೇ ನಿಮಿಷ.

ಬಂದಿದ್ದಾರೆ! ಹತ್ತು ದಿನ ಸುದ್ದಿ ಇಲ್ಲ, ಇವತ್ತು ಹೇಳದೆ ಕೇಳದೆ ಒಂದು ಟಂಟಂ ಗಾಡಿ ತುಂಬ ಜನ. ಹನಮಂತವ್ವ, ಬೀರಲಿಂಗಪ್ಪ, ಅವರ ಓಣಿಯ ನಾಲ್ಕು ಹೆಂಗಸರು. ಸುದ್ದಿ ಹಬ್ಬಿಸಿದವರನ್ನೇ ಆರಿಸಿ ಕರೆತಂದಿದ್ದಾರೆ. ಭೀಮೇಶ ಇಸ್ತ್ರಿ ಮಾಡಿದ ಅಂಗಿಯಲ್ಲಿ ಬೆವರುತ್ತ ನಿಂತಿದ್ದಾನೆ. ಈ ಸಲ ಕಂಬ ಹತ್ತಲು ಬಿಟ್ಟಿಲ್ಲ!

ಅಪ್ಪ ಬಾಯಿ ತೆರೆಯಲು ಹೋದ, ಅವ್ವ ಕಾಲು ತುಳಿದಳು. ಹನಮಂತವ್ವ ಕೂರಲೇ ಇಲ್ಲ. ನಡುಮನೆಯಲ್ಲಿ ನಿಂತೇ ಹೇಳಿದರು.

"ಎಲ್ಲಾರೂ ಕೇಳ್ರಿ. ನನ್ನ ಸೊಸಿಗಿ ಆಪರೇಷನ್ ಆಗೇತಿ. ಹೊಟ್ಟೀದು, ಮೈ ಇಳಿಸೂದು. ನಾ ನನ್ನ ಕಣ್ಣಿಲೆ ನೋಡೀನಿ, ಐದ ತೂತು. ಯಾರಿಗರೆ ಎಣಿಕಿ ಬೇಕಾಗಿದ್ರ ನನ್ನ ಕೇಳ್ರಿ, ಆಕೀನ್ನ ಕೇಳಬ್ಯಾಡ್ರಿ."

ಸೊಸಿ ಅಂದರು. ಎಲ್ಲರ ಎದುರು. ಕೇಳಲಿಲ್ಲ, ಒಪ್ಪಿಗೆ ಗಿಪ್ಪಿಗೆ ಏನೂ ಇಲ್ಲ, ನೇರ ಸೊಸಿ! ನಾನು ಅಳುತ್ತ ನಗುತ್ತ ಬಾಗಿಲು ಹಿಡಿದು ನಿಂತಿದ್ದೆ.

"ಮತ್ತ ಸಕ್ರಿ ಹಾಕಬೇಕಲಾ?" ಬೀರಲಿಂಗಪ್ಪನ ಸಂಶಯ. "ಸಕ್ರಿ ಇಲ್ದ ಮಾತ ಹೆಂಗ ಮುಗೀತೈತಿ?"

ಹನಮಂತವ್ವ ಎಲ್ಲರ ಬಾಯಿಗೂ ಹಾಕಿಕೊಂಡು ಬಂದರು. ನನ್ನ ಮುಂದೆ ನಿಂತು ಒಂದು ಹಿಡಿ ತೆಗೆದರು. ನಾನು ಈ ಸಲ ಬಾಯಿ ತೆರೆದೆ. ಆಗಲಿ, ಒಂದು ದಿನ ಮಲಗಿದರಾಯಿತು. ಅವರು ನನ್ನ ಗದ್ದ ಹಿಡಿದು ಬಾಯಿ ಮುಚ್ಚಿಸಿದರು. ಆ ಹಿಡಿಯಷ್ಟನ್ನೂ ತಮ್ಮ ಬಾಯಿಗೆ ಹಾಕಿಕೊಂಡು, ಗಲ್ಲ ಉಬ್ಬಿಸಿಕೊಂಡು, ಮಾತು ಬಾರದೆ, ಮುಗಿಯಿತು ಮುಗಿಯಿತು ಅಂತ ಕೈಯಾಡಿಸಿದರು. ಇಡೀ ಮನೆ ಗೊಳ್ಳೆಂದಿತು. ಭೀಮೇಶನ ನಗು ಎಲ್ಲಕ್ಕಿಂತ ಜೋರು.

ಅವ್ವ ಬಾಗಿಲು ಬಡಿಯುತ್ತಿದ್ದಾಳೆ. ಬಂದೆ ಬೇ, ಬಂದೆ. ಇದೊಂದು ಸಾಲು ಬರೆದು —